ಜಡೆಯಮ್ಮ ಎತ್ತಿದ ಕೆಂಪು ಬಾವುಟ

ತಾಳವಾಡಿಯಿಂದ ಎಂಟು ಕಿಲೋಮೀಟರ್ ಆಚೆ, ಶಿವಮಲ್ಲಪ್ಪನವರ ಜಮೀನಿನ ಅಂಚಿನಲ್ಲಿ ಸಣ್ಣ ವಿಮಾನಗಳು ಇಳಿಯುವ ಹುಲ್ಲಿನ ಪಟ್ಟಿಯೊಂದಿದೆ. ಅದನ್ನು ಕಾಯುವವಳು ಜಡೆಯಮ್ಮ. ಆರು ವರ್ಷದ ಹಿಂದೆ ಹುಲ್ಲು ಕೊಯ್ಯುವ ಕೂಲಿಗೆ ಬಂದವಳು. ಕಂಬದ ಗಾಳಿಚೀಲ ಅಲ್ಲಾಡುವ ಮೊದಲೇ ಗಾಳಿ ಎತ್ತ ತಿರುಗಿತೆಂದು ಅವಳು ಹೇಳುವುದನ್ನು ಕಂಡು ಶಿವಮಲ್ಲಪ್ಪನವರೇ ಅವಳ ಕೈಗೆ ವಾಕಿಟಾಕಿ, ಎರಡು ಬಾವುಟ ಕೊಟ್ಟರು. ಜೇನು ಕೀಳುವಾಗ ಹೊಗೆ ಯಾವ ಕಡೆ ವಾಲುತ್ತದೆಂದು ನೋಡಿಕೊಂಡೇ ಬೆಳೆದ ಹೆಂಗಸಿಗೆ ಅದೇನು ದೊಡ್ಡ ವಿದ್ಯೆಯಾಗಿರಲಿಲ್ಲ.

ಪಟ್ಟಿ ವಿಮಾನದವರೊಬ್ಬರದೇ ಅಲ್ಲ. ಅಡ್ಡಲಾಗಿ ದನದ ಹಾದಿ ಹೋಗಿದೆ. ಅದು ಪಟ್ಟಿಗಿಂತ ಹಳೆಯದು. ಬೆಳಿಗ್ಗೆ ಹತ್ತಕ್ಕೆ ಊರದನ ದಾಟುತ್ತವೆ. ಹೊರಗಿನಿಂದ ಬರುವವರು ಮೊದಲೇ ಫೋನ್ ಮಾಡಬೇಕು, ಮೇಲೊಂದು ಸುತ್ತು ಹಾಕಿ ನೋಡಬೇಕು. ಜಾಗ ಇಳಿಜಾರಾದ್ದರಿಂದ ಇಳಿಯುವುದು ಕೆಳತುದಿಯಿಂದ, ಹಾರುವುದು ಮೇಲ್ತುದಿಯಿಂದ. ನಡುವೆ ದಿಬ್ಬ, ಈ ತುದಿಗೆ ಆ ತುದಿ ಕಾಣದು.

ಕಳೆದ ಜನವರಿಯಲ್ಲಿ ಮೈಸೂರಿನ ಪ್ರಕಾಶ್ ಎಂಬಾತ ಫೋನೂ ಇಲ್ಲದೆ, ಸುತ್ತೂ ಹಾಕದೆ ನೇರ ಇಳಿಯಲು ಬಂದ. ದನಗಳು ಅರ್ಧ ದಾಟಿದ್ದವು. ಜಡೆಯಮ್ಮ ಕೆಂಪು ಬಾವುಟ ಬೀಸಿದಳು. ವಿಮಾನ ಮತ್ತೆ ಮೇಲಕ್ಕೆದ್ದಿತು. ಕರುಗಳು ಬಾಲ ಎತ್ತಿ ಓಡಿದವು. ಎರಡನೇ ಸಲ ಇಳಿದ ಪ್ರಕಾಶ್ ಮುಖ ಕೆಂಪಗೆ ಮಾಡಿಕೊಂಡೇ ಬಂದ.

“ಯಾರಮ್ಮ ನೀನು, ನನ್ನ ತಡೆಯೋಕೆ?”

“ಮೊದ್ಲು ನೀರ್ ಕುಡೀರಿ ಸಾ,” ಎಂದು ಚೊಂಬು ಚಾಚಿದಳು. ಅವನು ಕುಡಿದು ಮುಗಿಸುವವರೆಗೂ ಕಾದಳು. “ನಾನು ಜಡೆಯಮ್ಮ, ಇದ ಕಾಯೋಳು. ಬತ್ತೀನಿ ಅಂತ ಪೋನಲ್ಲಿ ಒಂದ್ ಮಾತು ಅಂದಿದ್ರೆ ದನವ ಆಚೆಗೇ ನಿಲ್ಲುಸ್ತಿದ್ದೆ. ಅಸುಗೇನ್ ಗೊತ್ತು ಸಾ? ಗೊತ್ತಿರೋರು ನಾವ್ ತಾನೆ.”

ಪ್ರಕಾಶ್ ಚೊಂಬು ಹಿಂತಿರುಗಿಸಿ ಶಿವಮಲ್ಲಪ್ಪನವರ ಮನೆಯತ್ತ ನಡೆದ.

ಮಧ್ಯಾಹ್ನ ಎರಡೂವರೆಗೆ ಹಿಂತಿರುಗಿದಾಗ ದಿಂಬಂ ಘಾಟಿ ಕಡೆಯಿಂದ ಮೋಡ ಏಳುತ್ತಿತ್ತು. ಅವನಿಗೆ ಅವಸರ. ಯಾರಿಗೂ ಹೇಳದೆ ಇಂಜಿನ್ ಶುರುಮಾಡಿ ಮೇಲ್ತುದಿಗೆ ಹೋಗಿ ಹಾರಲು ಸಜ್ಜಾದ. ಅದೇ ಹೊತ್ತಿಗೆ ಜಡೆಯಮ್ಮನ ವಾಕಿಟಾಕಿ ಮಾತಾಡಿತು. ಕೊಯಮತ್ತೂರಿನಿಂದ ಬರುವೆನೆಂದು ಬೆಳಿಗ್ಗೆಯೇ ಫೋನ್ ಮಾಡಿದ್ದ ಪೈಲಟ್ ಹುಡುಗಿ ರಂಜಿತ. “ಅಕ್ಕಾ, ಸುತ್ತು ಹಾಕಿ ಕೆಳತುದಿಗೆ ಬಂದೆ, ಇಳೀತಿದೀನಿ.”

ಜಡೆಯಮ್ಮ ಓಡಿದಳು. ಆದರೆ ವಿಮಾನದ ಮೂತಿಯಲ್ಲಿ ತಿರುಗುತ್ತಿದ್ದ ಪಂಖದ ಎದುರಿಗೆ ಹೋಗಲಿಲ್ಲ. ದೂರದಲ್ಲೇ, ಎಡಬದಿಯಲ್ಲಿ, ಪ್ರಕಾಶನ ಕಣ್ಣಿಗೆ ಬೀಳುವ ಹಾಗೆ ನಿಂತು ಬಾವುಟ ಎತ್ತಿ ಹಿಡಿದಳು. ಅವನು ಗಾಜಿನೊಳಗಿಂದ ಮೋಡ ತೋರಿಸಿದ, ಗಡಿಯಾರ ತೋರಿಸಿದ, ಕೈ ಬೀಸಿ ಗದರಿದ. ಅವಳು ಬಾವುಟ ಇಳಿಸಲಿಲ್ಲ. ಬೆಳಿಗ್ಗೆಯದು ನೆನಪಾಯಿತೋ ಏನೋ, ಅವನೂ ಮುಂದಕ್ಕೆ ಬಿಡಲಿಲ್ಲ.

ಅಷ್ಟರಲ್ಲಿ ದಿಬ್ಬ ಹತ್ತಿ ರಂಜಿತಳ ಬಿಳಿ ವಿಮಾನ ಎದುರೆದುರೇ ಉರುಳಿ ಬಂತು, ವೇಗ ಕಳೆದುಕೊಂಡು ಪಕ್ಕಕ್ಕೆ ಹೊರಳಿ ನಿಂತಿತು.

ಪ್ರಕಾಶ್ ಇಂಜಿನ್ ಆರಿಸಿ ಇಳಿದ. “ಅಮ್ಮಾ, ನೀವು ತಡೀದೇ ಇದ್ದಿದ್ರೆ...”

“ಆಗ್ನಿಲ್ವಲ್ಲ ಸಾ, ಬುಡಿ. ಮೋಡ ಬರಕೆ ಇನ್ನೂ ಅರ್ಧ ಗಂಟೆ ಅದೆ. ಆ ಮಗಿನ್ ಇಮಾನವ ಬದಿಗ್ ತಳ್ಳಕೆ ಒಂಚೂರು ಕೈ ಆಕಿ.”

ಅವನು ತಳ್ಳಿದ. ರಂಜಿತಳ ಕ್ಷಮೆ ಕೇಳಿದ. ಮೇಲ್ತುದಿಯಲ್ಲಿ ನಿಂತು, ಜಡೆಯಮ್ಮ ಹಸಿರು ಬಾವುಟ ತೋರಿಸುವವರೆಗೂ ಕಾದು ಹಾರಿಹೋದ.

“ಅವ್ನು ಬಿಟ್ಟುಕೊಂಡು ಬಂದಿದ್ರೆ ಏನ್ ಮಾಡ್ತಿದ್ದೆ ಅಕ್ಕಾ? ಭಯ ಆಗ್ಲಿಲ್ವ?” ಎಂದಳು ರಂಜಿತ.

“ಇಳೀಬ್ಯಾಡ, ಮ್ಯಾಕ್ಕೆ ಓಗವ್ವ ಅಂತ ನಿಂಗೆ ಏಳ್ತಿದ್ದೆ. ಇನ್ನೊಂದ್ ಕೈಲಿ ಈ ವಾಕಿಟಾಕಿ ಗುಂಡಿಯ ಒತ್ತೇ ಇಡ್ಕಂಡಿದ್ದೆ ಕಣವ್ವ,” ಎಂದು ಜಡೆಯಮ್ಮ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.