ಬಾಲ್ ಆಕಿಗೇ ಕೊಡ್ರಿ

ಕಮಲಾಪುರದ ನಮ್ಮ ಹೈಸ್ಕೂಲಿನ ಹುಡುಗಿಯರನ್ನು ಬ್ಯಾಸ್ಕೆಟ್‌ಬಾಲ್ ಫೈನಲ್ಲಿಗೆ ಕಲಬುರಗಿಗೆ ಕರೆದುಕೊಂಡು ಹೋಗಿದ್ದೆ. ನಾನು ಅವರ ಪಿ.ಟಿ. ಟೀಚರ್. ನಮ್ಮ ಪಾಯಿಂಟುಗಳಲ್ಲಿ ಹೆಚ್ಚಿನವು ನಸೀಮಾ ಎಂಬ ಹುಡುಗಿಯವೇ.

ವಿರಾಮದಲ್ಲಿ ಪರಿಚಯವಿಲ್ಲದ ಹಿರಿಯರೊಬ್ಬರು ನಮ್ಮ ಬೆಂಚಿನ ಹತ್ತಿರ ಬಂದರು.

"ಮೇಡಂ, ಆ ಹುಡುಗಿ ತಾನೊಬ್ಬಾಕಿನ ಬಾಲ್ ಹೊಡ್ಯಾಕತ್ಯಾಳ. ಎಲ್ಲಾರಿಗೂ ಬಾಲ್ ಕೊಟ್ಟು ಆಡು ಅಂತ ಹೇಳ್ರಿ. ಹುಡುಗ್ಯಾರು ಇಷ್ಟು ಮುಂದ ಮುಂದ ಬೀಳೂದು ಚಂದ ಕಾಣಂಗಿಲ್ಲ."

"ಹುಡುಗರ ಮ್ಯಾಚಿನಾಗೂ ಹಿಂಗ ಹೇಳ್ತೀರೇನ್ರಿ?" ಎಂದೆ. ಅವರು ತಮ್ಮ ಜಾಗಕ್ಕೆ ವಾಪಸ್ ಹೋದರು. ಆದರೆ ನಸೀಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆಟ ಮತ್ತೆ ಶುರುವಾದಾಗ ಬಾಲು ಕೈಗೆ ಬಂದ ಕೂಡಲೇ ಅವಳು ಬೇರೆಯವರಿಗೆ ದಾಟಿಸತೊಡಗಿದಳು. ನಾವು ಹಿಂದೆ ಬಿದ್ದೆವು. ನಾನು ಆಟ ನಿಲ್ಲಿಸಿ ಎಲ್ಲರನ್ನೂ ಕರೆದೆ. ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಭಾಗ್ಯಶ್ರೀ ಅವಳ ಮೇಲೆ ರೇಗಿದಳು.

"ನಿನಗ ಬರ್ತದಂತನ ನಿನಗ ಕೊಡ್ತೀವಿ. ಯಾರದೋ ಮಾತು ಕೇಳಿ ನಮಗ್ಯಾಕ ವಾಪಸ್ ಕೊಡ್ತಿ? ನೀ ಹೊಡಿ."

ನಸೀಮಾ ಹೊಡೆದಳು, ಹೊಡೆಯುತ್ತಲೇ ಹೋದಳು. ಅಂತರ ಕಡಿಮೆಯಾಯಿತು. ಕೊನೆಯ ಬಾಲು ಮಾತ್ರ ರಿಂಗಿಗೆ ಬಡಿದು ಹೊರಗೆ ಬಿತ್ತು. ಒಂದೇ ಪಾಯಿಂಟಿನಿಂದ ಸೋತೆವು.

ಆ ಹಿರಿಯರು ಮತ್ತೆ ಬಂದರು. "ನಾ ಹೇಳಿದ್ದೆನಲ್ರಿ ಮೇಡಂ?"

"ಮುಂದಿನ ಸಲಾನೂ ಆಕಿನ ಹೊಡೀತಾಳ್ರಿ," ಎಂದೆ. "ನೋಡಾಕ ಬರ್ರಿ."

ಕಮಲಾಪುರದ ಬಸ್ಸಿನಲ್ಲಿ ನಸೀಮಾ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಸೀಟು ಹಿಡಿದಳು. ಯಾರು ಕೇಳಿದರೂ ಬಿಟ್ಟುಕೊಡಲಿಲ್ಲ. ಸೋಲಾಗಲಿ ಆ ಹಿರಿಯರ ಮಾತಾಗಲಿ ಇವಳನ್ನು ಕುಗ್ಗಿಸಿಲ್ಲ ಎಂದು ನನಗೆ ಆಗ ಸಮಾಧಾನವಾಯಿತು.