ಹನ್ನೆರಡನೇ ದಿನದ ಕಾರ್ಡು

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷ ಆಯ್ತು. ಶಾಲಿನಿ ಮೇಡಮ್, ನಿಮ್ಮ ಇಲಿಗೂಡಿನ ಕಾರ್ಡು ಬದಲಿಸಿದ್ದು ನಾನು.

ಕೋಡಿಯಲ್ಲಿ ಮೀನು ಮಾರುವುದು ಬಿಟ್ಟು, ಬ್ರಹ್ಮಾವರದ ಹತ್ತಿರ ನಿಮ್ಮ ಲ್ಯಾಬಿಗೆ ಗೂಡು ತೊಳೆಯಲು ಸೇರಿದ್ದೆ. ಕಣ್ಣು ಮುಚ್ಚಿದರೆ ಆ ಕೋಣೆ ಈಗಲೂ ಬರುತ್ತದೆ — ಮಂದ ಕೆಂಪು ಬೆಳಕು, ಉಮಿಯ ವಾಸನೆ, ಎಲ್ಲಾ ಕಡೆ ಸಣ್ಣ ಸಣ್ಣ ಉಸಿರು. ಯಾರದೋ ಬಸಿರಿನೊಳಗೆ ನಿಂತ ಹಾಗೆ.

ಹೊಟ್ಟೆಯೊಳಗಿನ ಮರಿಗೆ ‘ಬೆಳೆ’ ಎಂದು ಹೇಳುವ ಜೀನ್ ಒಂದಿದೆ, ಈ ಇಲಿಗಳಲ್ಲಿ ಅದನ್ನು ತೆಗೆದಿದೆ, ಮರಿ ಹೇಗಾಗುತ್ತದೆ ನೋಡಬೇಕು ಎಂದಿರಿ.

“ಇದನ್ ಕಾಂಬುಕೆ ಇಷ್ಟ್ ಓದಿದ್ರ್ಯಾ ಮೇಡಮ್?” ಅಂದೆ. ನೀವು ನಕ್ಕಿರಿ.

ಬಸಿರಿನ ಹನ್ನೆರಡನೇ ದಿನ ತಾಯಿ ಇಲಿಯನ್ನು ಕೊಂದು ಹೊಟ್ಟೆ ಬಿಡಿಸುವುದು. ಗಂಡಿನ ಜೊತೆ ಬಿಟ್ಟ ತಾರೀಕು ಗೂಡಿನ ಕಾರ್ಡಿನ ಮೇಲಿರುತ್ತಿತ್ತು. ಗೂಡನ್ನು ಮೇಜಿಗೆ ತಂದಿಡುವವಳು ನಾನು.

ಆಗ ನನ್ನ ಮಗಳು ಬಸುರಿ. ಮೊದಲಿನ ಎರಡು ನಿಂತಿರಲಿಲ್ಲ. ಮನೆಯಲ್ಲಿ ಬಸುರಿ ಇದ್ದಾಗ ಬಸುರಿ ಪ್ರಾಣಿಯ ಸಾವಿಗೆ ಕೈ ಕೊಡಬಾರದು — ನನ್ನ ಅಬ್ಬೆ ಹೇಳಿದ್ದು. ಮೊಟ್ಟೆ ತುಂಬಿದ ಮೀನು ಎಷ್ಟೋ ಕೊಯ್ದ ಕೈ ಇದು. ಕನಿಕರ ಅಲ್ಲ, ಹೆದರಿಕೆ.

ಅದೇ ತಳಿಯ ಇನ್ನೊಂದು ಇಲಿಯನ್ನು ಹೆರಲು ಬೇರೆ ಬಿಟ್ಟಿದ್ದಿರಿ. ಅದರ ಹೊಟ್ಟೆ ಕಾಣುತ್ತಿರಲಿಲ್ಲ. ಬಸಿರು ನಿಂತಿಲ್ಲ ಎಂದುಕೊಂಡೆ. ಎರಡರ ಕಾರ್ಡು ಅದಲು ಬದಲು ಮಾಡಿ, ಅದನ್ನೇ ಮೇಜಿಗೆ ತಂದಿಟ್ಟೆ. ಅದೂ ಬಸುರಿಯೇ — ಬಸಿರು ಎರಡು ದಿನ ಎಳೆಯದು, ಅಷ್ಟೆ.

ಮರಿಗಳು ಸಣ್ಣ. “ಗಿರಿಜಕ್ಕ, ಸಿಕ್ತು! ಬೆಳವಣಿಗೆ ಕುಂಠಿತವಾಗಿದೆ,” ಎಂದು ನನ್ನ ಒದ್ದೆ ಕೈ ಹಿಡಿದಿರಿ. ಆಗಲೇ ಹೇಳಬಹುದಿತ್ತು —

ಆ ಒಂದು ಹೊಟ್ಟೆಯನ್ನು ನಂಬಿ ನೀವು ದೊಡ್ಡವರ ಮುಂದೆ ನಿಂತು ಮಾತಾಡಿದಿರಿ. ಆಮೇಲೆ ಎಷ್ಟು ಇಲಿ ಬಿಡಿಸಿದರೂ ಹಾಗೆ ಕಾಣಲಿಲ್ಲ. ಸುಳ್ಳು ಬರೆದವಳು ಎಂದು ಹೆಸರಾಯಿತು. ಕೊನೆಗೆ ನನ್ನನ್ನು ಕೇಳಿದಿರಿ: “ಕಾರ್ಡು ಎಲ್ಲಾದರೂ ತಪ್ಪಿತಾ, ಗಿರಿಜಕ್ಕ?”

“ನಂಗ್ ಓದುಕ್ ಬತ್ತಿಲ್ಲ ಮೇಡಮ್. ಕಾರ್ಡ್ ನಾ ಎಂತಕ್ಕೆ ಮುಟ್ಲಿ?”

ಓದು ಬಾರದ್ದು ನಿಜ. ಅಂಕೆ ಬರುತ್ತಿತ್ತು — ಮೀನು ಮಾರಿದವಳಿಗೆ ಬಾರದೆ ಇರುತ್ತದಾ. ಅಕ್ಷರ ಆಮೇಲೆ ಕಲಿತೆ, ಮೊಮ್ಮಗಳ ಪಾಟಿಯಲ್ಲಿ. ಹೌದು, ಅವಳು ಹುಟ್ಟಿದಳು, ಚೆನ್ನಾಗಿದ್ದಾಳೆ. ನಿಮ್ಮ ಕೆಲಸ ಹೋಯಿತು.

ನನ್ನನ್ನು ಕೇಳಿದ ಆ ಸಂಜೆಯೇ ನೀವು ಲ್ಯಾಬು ಬಿಟ್ಟು, ಪುಸ್ತಕ ಕಟ್ಟಿಕೊಂಡು ಬೈಂದೂರಿನ ಬಸ್ಸು ಹತ್ತಿದಿರಿ. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಹೋದೆ. ನಿಮ್ಮ ಕೈಬರಹದ ಕಾರ್ಡುಗಳನ್ನೆಲ್ಲ ಕಿತ್ತು ಬಾಲ್ದಿ ನೀರಿಗೆ ಹಾಕಿದೆ. ನೀಲಿ ಶಾಯಿ ಹೊಗೆಯ ಹಾಗೆ ನಿಧಾನ ಬಿಟ್ಟಿತು. ಒಂದಂಕೆಯೂ ಉಳಿಯದ ಹಾಗೆ ತಿಕ್ಕಿದೆ.