ಮಾವ ಕಲಿಸಿದ ರೋಮು

ಮೂರು ಸಲ ಫೇಲಾದವನಿಗಿಂತ ಆ ವಿಷಯವನ್ನು ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂಬ ತರ್ಕದ ಮೇಲೆ, ನನಗೆ ರೋಮಿನ ಚರಿತ್ರೆ ಕಲಿಸಲು ನನ್ನ ಸೋದರಮಾವನನ್ನು ನೇಮಿಸಲಾಯಿತು. ತರ್ಕ ಅಜ್ಜಿಯದು. ಮಾವ ಅಜ್ಜಿಯ ಕೊನೆಯ ಮಗ, ಅಮ್ಮನ ತಮ್ಮ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲೇ ಮಗನಿಗೂ ಒಂದು ಕೆಲಸ ಕೊಡಿಸಲಿ ಎಂದು ಅಜ್ಜಿ ಅವನನ್ನು ಕರೆದುಕೊಂಡು ನ್ಯೂ ಟೌನಿನ ನಮ್ಮ ಮನೆಗೆ ಒಂದು ತಿಂಗಳ ಮಟ್ಟಿಗೆ ಬಂದಳು. ಆ ತಿಂಗಳು ಆರು ವರ್ಷವಾದರೂ ಮುಗಿಯಲಿಲ್ಲ. “ಮಗಳ ಮನೇಲಿ ನೀರೂ ಕುಡೀಬಾರ್ದು ಕಣ್ರೀ” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಿಜ, ನೀರು ಕುಡಿಯುತ್ತಿರಲಿಲ್ಲ. ಕಾಫಿ ಕುಡಿಯುತ್ತಿದ್ದಳು.

ಮಾವನ ಪಾಠಕ್ಕೆ ಮುಂಚೆ ನಾನು ದಿನಾ ರೈಲು ಹತ್ತಿ ಶಿವಮೊಗ್ಗದ ಹೈಸ್ಕೂಲಿಗೆ ಹೋಗಿಬರುತ್ತಿದ್ದೆ. ದೊಡ್ಡವಳಾದೆ, ಅಲ್ಲಿಗೆ ಸ್ಕೂಲು ನಿಂತಿತು. ಮೈನೆರೆದ ಹುಡುಗಿ ರೈಲಿನಲ್ಲಿ ಓಡಾಡಿದರೆ ಮನೆತನದ ಮಾನ ಹಳಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ ಎಂದು ಅಜ್ಜಿಗೆ ಖಾತ್ರಿಯಿತ್ತು. ಜನ್ಮದಲ್ಲಿ ಯಾರಿಗೂ ಎದುರಾಡದ ಅಪ್ಪ ಅದಕ್ಕೂ ತಲೆಯಾಡಿಸಿದರು. ಅದು ಹೇಗೋ ಅವತ್ತು ಒಂದು ಮಾತು ಮಾತ್ರ ಅವರ ಬಾಯಿಂದ ಹೊರಬಿತ್ತು: “ಮನೇಲೇ ಓದ್ಲಿ. ಖಾಸಗಿಯಾಗಿ ಪರೀಕ್ಷೆಗೆ ಕಟ್ಲಿ. ಪಾಸಾದ್ರೆ ಕಾಲೇಜು. ಫೇಲಾದ್ರೆ ನಿಮ್ಮಿಷ್ಟ.”

ಅಜ್ಜಿಯ ಇಷ್ಟ ಏನೆಂದು ಬೀದಿಗೆಲ್ಲ ಗೊತ್ತಿತ್ತು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕಿದೆ. ನಾನು ಫೇಲಾದರೆ ಮಾವ ನನಗೆ ತಾಳಿ ಕಟ್ಟುವುದು. ಅಂದರೆ ಪಾಠ ಹೇಳುವವನಿಗೆ ಶಿಷ್ಯೆ ಫೇಲಾದರೆ ಹೆಂಡತಿ ಸಿಗುತ್ತಾಳೆ. ಈ ಏರ್ಪಾಟಿನಲ್ಲಿ ಏನೋ ಐಬಿದೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾವ ಬೇಕೆಂದೇ ತಪ್ಪು ಕಲಿಸಿದ ಎಂದು ನಾನು ಹೇಳುವುದಿಲ್ಲ. ಹಾಗೆ ಮಾಡಲು ಸರಿ ಯಾವುದೆಂದು ಗೊತ್ತಿರಬೇಕಾಗುತ್ತದೆ.

ಮಾವನ ಪಾಠ ಊಟವಾದ ಮೇಲೆ, ನಡುಮನೆಯ ಚಾಪೆಯ ಮೇಲೆ, ದಿಂಬಿಗೊರಗಿಕೊಂಡು. ರೋಮಿನಲ್ಲಿ ಒಂದೇ ಸಲಕ್ಕೆ ಇಬ್ಬರು ಕಾನ್ಸಲರು ಆಳುತ್ತಿದ್ದರು ಎಂದು ಪುಸ್ತಕದಲ್ಲಿತ್ತು. ಯಾಕೆ ಇಬ್ಬರು ಎಂದು ಕೇಳಿದೆ. “ಅದೇ ಮಾರಾಯ್ತಿ ಅವ್ರು ಮಾಡಿದ್ ತಪ್ಪು. ಇಬ್ರು ಶಾನುಭೋಗ್ರು ಇರೋ ಊರು ಉದ್ಧಾರ ಆಗತ್ತೇನೆ?” ಎಂದ. ಆ ಊರು ಉದ್ಧಾರವಾಗಿ ಅರ್ಧ ಲೋಕವನ್ನು ಆಳಿತಲ್ಲ ಮಾವ ಎಂದರೆ, “ಕೊನೆಗೆ ಹಾಳಾಯ್ತೋ ಇಲ್ವೋ? ಮುಂದೆ ಓದು” ಎಂದು ಕಣ್ಣು ಮುಚ್ಚಿದ. ಅವನ ಪುಸ್ತಕದ ನಡುವಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಾರ್ತೇಜಿನ ಯುದ್ಧಗಳು ಮುಗಿದು ಪುಟ ತಿರುಗಿಸಿದರೆ ಚಕ್ರವರ್ತಿಗಳು ಸಿಂಹಾಸನದ ಮೇಲೆ ಕೂತಿರುತ್ತಿದ್ದರು. ನಡುವಿನ ನೂರಿಪ್ಪತ್ತು ವರ್ಷ ಹುಳದ ಹೊಟ್ಟೆಯಲ್ಲಿತ್ತು. “ಅದು ಪರೀಕ್ಷೆಗೆ ಬರಲ್ಲ, ಬಿಡು” ಎಂದ ಮಾವ. ಅವನು ಫೇಲಾದ ಮೂರು ಸಲವೂ ಅದೇ ಬಂದಿತ್ತಂತೆ. ಕಾರ್ಖಾನೆಯ ಕ್ಲಬ್ಬಿನ ಬೀರುವಿನಿಂದ ಅಪ್ಪ ಒಂದು ಹಳೆಯ ಪುಸ್ತಕ ತಂದುಕೊಡದಿದ್ದರೆ ನಾನೂ ಆ ಗುಂಡಿಗೇ ಬೀಳುತ್ತಿದ್ದೆ.

ರೋಮನ್ನರು ಯುದ್ಧಕ್ಕೆ ಹೊರಡುವ ಮುಂಚೆ ಕೋಳಿಗಳಿಗೆ ಕಾಳು ಹಾಕಿ ಶಕುನ ನೋಡುತ್ತಿದ್ದರು ಎಂದು ನಾನು ಗಟ್ಟಿಯಾಗಿ ಓದಿದ ದಿನ ಅಜ್ಜಿ ತರಕಾರಿ ಹೆಚ್ಚುತ್ತಿದ್ದಳು. “ಕೋಳಿ ಕೇಳ್ಕೊಂಡು ಯುದ್ಧಕ್ಕೆ ಹೋಗ್ತಿದ್ರಾ? ಥೂ, ಬುದ್ಧಿ ಇಲ್ದವ್ರು!” ಎಂದು ನಕ್ಕಳು. ನಗು ಮುಗಿಯುವಷ್ಟರಲ್ಲಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಜ್ಜಿ ತಟ್ಟನೆ ಬೆರಳಿನಿಂದ ನೆಲ ಕುಟ್ಟಿ “ಕೃಷ್ಣ ಕೃಷ್ಣ” ಎಂದಳು. ಮಾವ ಆಗಷ್ಟೇ ಅರ್ಜಿ ಬರೆಯಲು ಕೂತಿದ್ದವನು ಲೇಖನಿ ಕೆಳಗಿಟ್ಟು ನಾಳೆ ಬರೆದರಾಯಿತು ಎಂದ.

ಅಮ್ಮನ ಬಗ್ಗೆಯೂ ಹೇಳಿಬಿಡುತ್ತೇನೆ. ಅವಳು ಅಡುಗೆಮನೆಯಿಂದ ಪಾಠ ಕೇಳಿಸಿಕೊಳ್ಳುತ್ತಿದ್ದಳು. ಕಾರ್ತೇಜಿನ ಸೇನಾಪತಿ ಆನೆಗಳನ್ನು ಹಿಮದ ಬೆಟ್ಟ ದಾಟಿಸಿದ ಎಂದು ಮಾವ ಹೇಳುತ್ತಿದ್ದಾಗ ಒಮ್ಮೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಅಲ್ಲ ಕಣೋ, ಹಿಮದಲ್ಲಿ ಆನೆಗೆ ಮೇವು ಎಲ್ಲಿಂದ ತಂದ್ರು?” ಮಾವನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಅಕ್ಕಾ, ನೀನು ಒಲೆ ನೋಡ್ಕೋ ಹೋಗು” ಎಂದ ಮಾವ. ಆ ವರ್ಷ ಆ ಮನೆಯಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಬುದ್ಧಿವಂತ ಪ್ರಶ್ನೆ ಅದು. ನನಗೆ ಆಗ ಅದು ತಿಳಿಯಲಿಲ್ಲ. ಅಮ್ಮ ಎಂದರೆ ಯಾರು ಏನೆಂದರೂ ಹೂಂ ಎನ್ನುವ ಪ್ರಾಣಿ ಎಂದೇ ತಿಳಿದಿದ್ದೆ.

ತಿಂಗಳಿಗೆ ಮೂರು ದಿನ ನಾನು ಹೊರಗೆ. ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಚೊಂಬು. ಯಾರನ್ನೂ ಮುಟ್ಟುವ ಹಾಗಿಲ್ಲ. ಪುಸ್ತಕವಂತೂ ಸರಸ್ವತಿ, ಅದರ ಕಡೆ ಕೈ ಚಾಚುವ ಹಾಗೇ ಇಲ್ಲ. ಪರೀಕ್ಷೆ ಹತ್ತಿರವಾದಂತೆ ಅಜ್ಜಿಗೆ ನನ್ನ ದಿನಗಳ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಅಮಾವಾಸ್ಯೆಯಿಂದ ಬೆರಳು ಮಡಿಸಿ ಎಣಿಸುತ್ತಿದ್ದಳು. ಚರಿತ್ರೆಯ ಪರೀಕ್ಷೆ ಎಲ್ಲಕ್ಕಿಂತ ಕೊನೆಗಿತ್ತು. “ಸರಿಯಾಗಿ ಆ ದಿನಕ್ಕೇ ಬರತ್ತೆ ನೋಡು. ಬಂದ್ರೆ ಮುಗೀತು, ಲೇಖನಿ ಮುಟ್ಟೋ ಹಾಗಿಲ್ಲ. ನಾವೇನ್ ಮಾಡಕ್ಕಾಗತ್ತೆ, ದೇವರ ಚಿತ್ತ” ಎಂದಳು. ದೇವರ ಚಿತ್ತದ ಬಗ್ಗೆ ಅಷ್ಟು ಸಂತೋಷವಾಗಿ ಮಾತಾಡಿದವರನ್ನು ನಾನು ಮತ್ತೆ ಕಂಡಿಲ್ಲ. ಒಂದು ಪರೀಕ್ಷೆ ತಪ್ಪಿದರೂ ಫೇಲೇ. ನಾನು ಉಳಿದ ಪರೀಕ್ಷೆಗಳನ್ನೆಲ್ಲ ಬರೆದು ಬಂದೆ, ದಿನಾ ದೇವರ ಮುಂದೆ ನಿಂತು ಬೇಡಿಕೊಂಡೆ. ಆದರೂ ಚರಿತ್ರೆಯ ದಿನ ಬೆಳಗಿನ ಜಾವ ಎದ್ದಾಗ ಹಾಸಿಗೆ ಕಲೆಯಾಗಿತ್ತು.

ನಾನೂ ಅಮ್ಮನೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಅಮ್ಮ ನೋಡಿದಳು. ನಾನು ಅಳಲು ಬಾಯಿ ತೆರೆದೆ. ಅವಳು ಕೈಯಿಂದ ನನ್ನ ಬಾಯಿ ಮುಚ್ಚಿದಳು. ರಟ್ಟೆ ಹಿಡಿದು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ, “ತಲೆಗೆ ನೀರು ಹಾಕ್ಕೋ. ಬಾಯಿ ಮುಚ್ಕೊಂಡು ರೈಲು ಹತ್ತು” ಎಂದಳು. ಹಾಸಿಗೆಯ ಬಟ್ಟೆಯನ್ನು ಹಿತ್ತಿಲಲ್ಲಿ ನೆನೆಹಾಕಿದಳು. ಅಷ್ಟರಲ್ಲಿ ಅಲ್ಲಿ ಅಜ್ಜಿಯ ಧ್ವನಿ ಕೇಳಿತು. ಯಾವತ್ತೂ ಅಷ್ಟು ಬೇಗ ಏಳದವಳು ಅವತ್ತು ಎದ್ದಿದ್ದಳು.

“ಯಾರೇ ಹಾಸಿಗೆ ಬಟ್ಟೆ ನೆನೆಹಾಕಿದ್ದು?”

“ನಾನಮ್ಮ. ನಾನು ಹೊರಗೆ” ಎಂದಳು ಅಮ್ಮ.

“ನಿಂದು ಹೋದ ವಾರ ಆಯ್ತಲ್ಲೇ?”

“ಈ ವಯಸ್ಸಲ್ಲಿ ಹೀಗೇ ಅಲ್ವಾ ಅಮ್ಮ. ಲೆಕ್ಕಕ್ಕೆ ಸಿಗಲ್ಲ.”

ನಾನು ಬಚ್ಚಲುಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅಮ್ಮ ಗೋಡೆಗೆ ಒರಗಿಸಿಟ್ಟಿದ್ದ ಹೊರಗಿನ ಚಾಪೆ ಬಿಡಿಸಿಕೊಂಡು ಜಗಲಿಯಲ್ಲಿ ಕೂತೇಬಿಟ್ಟಳು. ಅಜ್ಜಿ ಬಚ್ಚಲುಮನೆಯ ಬಾಗಿಲನ್ನೂ ಅಮ್ಮನನ್ನೂ ತಿರುಗಿ ತಿರುಗಿ ನೋಡಿದಳು. ಮಗಳನ್ನು ಸುಳ್ಳಿ ಎನ್ನಬೇಕಾದರೆ ಸೀರೆ ಬಿಚ್ಚಿ ನೋಡಬೇಕು; ಅವಳು ಈಗಾಗಲೇ ಮೈಲಿಗೆ, ಮುಟ್ಟುವುದು ಹೇಗೆ? ಅಜ್ಜಿಯ ಆಚಾರ ಅಜ್ಜಿಯ ಕೈಯನ್ನೇ ಕಟ್ಟಿಹಾಕಿತ್ತು. ಇನ್ನು ಮೂರು ದಿನ ಅಡುಗೆ ತನ್ನ ತಲೆಗೇ ಬಂತು ಎಂದು ಗೊಣಗಿಕೊಂಡು ಒಳಗೆ ಹೋದಳು.

ಅಪ್ಪನ ಜೊತೆ ರೈಲು ಹತ್ತಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವರು ಅಪರಿಚಿತನೊಬ್ಬನ ಜೊತೆ ಯುದ್ಧದ ಸುದ್ದಿ ಮಾತಾಡಿದರು. ಶಿವಮೊಗ್ಗದ ಪರೀಕ್ಷಾ ಕೊಠಡಿಯಲ್ಲಿ ನನಗೆ ಹೊಟ್ಟೆನೋವು ಬೇರೆ. ಸರಸ್ವತಿ ಕೈ ಸುಡಲಿಲ್ಲ, ಶಾಯಿ ಹೆಪ್ಪುಗಟ್ಟಲಿಲ್ಲ. ಮಾವ ಬರಲ್ಲ ಎಂದಿದ್ದ ಗೆದ್ದಲು ತಿಂದ ಭಾಗದ್ದೇ ಎರಡು ಪ್ರಶ್ನೆ ಬಂದಿದ್ದವು. ಕೇಳಿದ್ದಕ್ಕಿಂತ ಹೆಚ್ಚೇ ಬರೆದೆ, ಇನ್ನಷ್ಟು ಹಾಳೆ ಕೇಳಿ ಬರೆದೆ.

ಪಾಸಾದೆ, ಕಾಲೇಜಿಗೂ ಹೋದೆ. ಮಾವನಿಗೆ ಬೇರೊಂದು ಹೆಣ್ಣು ಗೊತ್ತಾಯಿತು, ಅವಳ ಗ್ರಹಚಾರ. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಎಷ್ಟೋ ಜನಕ್ಕೆ ನಗುನಗುತ್ತ ಹೇಳಿದ್ದೇನೆ. ಪರೀಕ್ಷೆಯ ದಿನದ ಸಂಜೆಯನ್ನು ಮಾತ್ರ ಯಾರಿಗೂ ಹೇಳಿಲ್ಲ.

ಮನೆಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಜ್ಜಿ ಹೇಳಿದಳೆಂದು ದೇವರ ದೀಪ ಹಚ್ಚಿದೆ, ದೀಪ ಆರಲಿಲ್ಲ. ಆಮೇಲೆ ಅಮ್ಮನಿಗೆ ಬಡಿಸು ಎಂದಳು. ಹೊರಗಾದವರಿಗೆ ಬಡಿಸುವುದೆಂದರೆ ದೂರ ನಿಂತು, ಬಗ್ಗಿ, ಪಾತ್ರೆ ತಾಗದಂತೆ ಎಲೆಯ ಮೇಲೆ ಎತ್ತರದಿಂದ ಹಾಕುವುದು. ಮೈಲಿಗೆಯಾದ ನಾನು ನಿಂತುಕೊಂಡು, ಏನೂ ಆಗದ ಅಮ್ಮನಿಗೆ ಹಾಗೆ ಮೇಲಿಂದ ಅನ್ನ ಹಾಕಿದೆ. ಅಮ್ಮ ಬೆಳಗಿನಿಂದ ಆ ಜಗಲಿ ಬಿಟ್ಟು ಕದಲಿರಲಿಲ್ಲ. ತಲೆಯೆತ್ತಿ, ಕಣ್ಣರಳಿಸಿ ಕೇಳಿದಳು: “ಏನೇನ್ ಕೇಳಿದ್ರೇ? ಹೇಳೇ.”

ನಾನು ಅಂದೆ: “ಅದೆಲ್ಲಾ ನಿಂಗೆ ತಿಳಿಯಲ್ಲ, ಬಿಡಮ್ಮ.”

ಯಾಕೆ ಹಾಗಂದೆನೋ ಕಾಣೆ. ಅಭ್ಯಾಸವಾಗಿ ಹೋಗಿತ್ತು. ಅಜ್ಜಿಯನ್ನೂ ಮಾವನನ್ನೂ ಈಗಲೂ ಬಾಯಿತುಂಬ ಬಯ್ಯುತ್ತೇನೆ. ಅವರಿಬ್ಬರೂ ಆ ದಿನ ಅಮ್ಮನಿಗೆ ಅಂಥ ಮಾತು ಆಡಿರಲಿಲ್ಲ. ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಅಮ್ಮ ತಲೆ ತಗ್ಗಿಸಿ ಅನ್ನದಲ್ಲಿ ಗುಳಿ ಮಾಡಿದಳು. “ಹೂಂ, ನಂಗೇನ್ ತಿಳಿಯತ್ತೆ. ಸಾರು ಹಾಕು” ಎಂದಳು. ನಾನು ಎತ್ತರದಿಂದ ಸುರಿದೆ. ಬಿಸಿ ಸಾರು ಅವಳ ಕೈಮೇಲೆ ಬಿತ್ತು. ಅವಳು ಸ್ಸ್ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಆ ಕೈ ಮುಟ್ಟಲಿಲ್ಲ.